ಎರೆಯಲು ಉಳಿಸಿದ ನೀರು

ನಮ್ಮಪ್ಪ ಜಿಪುಣ ಎಂದು ಇಳಕಲ್ಲಿನ ನಮ್ಮ ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಅದು ಅರ್ಧ ಮಾತ್ರ ನಿಜ. ಹಬ್ಬಕ್ಕೆ ಬಂದವರ ಹೋಳಿಗೆಯ ಮೇಲೆ ತುಪ್ಪ ಸುರಿಯುವಾಗ ಅವನ ಕೈ ಎಂದೂ ಹಿಂದೆ ಸರಿದದ್ದಿಲ್ಲ. ನೀರು ಎಂದರೆ ಮಾತ್ರ ಮುಷ್ಟಿ ಬಿಗಿಯಾಗುತ್ತಿತ್ತು. ಯಾರಾದರೂ ಮಗನನ್ನು ಬೈಯುತ್ತ, "ರೊಕ್ಕಾನ ನೀರಿನಂಗ ಖರ್ಚ ಮಾಡ್ತಾನ" ಎಂದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. "ಈ ಮಾತ ಹೊಳಿ ದಂಡಿ ಮಂದಿ ಕಟ್ಟಿದ್ದು. ನಮ್ಮೂರಾಗ ನೀರನ್ನ ರೊಕ್ಕದಂಗ ಖರ್ಚ ಮಾಡಬೇಕು" ಎನ್ನುತ್ತಿದ್ದ.

ಅಪ್ಪ ನೂಲಿಗೆ ಬಣ್ಣ ಹಾಕುವವನು. ಸೀರೆ ನೇಯುವವರು ಕೊಟ್ಟ ನೂಲಿನ ಲಡಿಗಳನ್ನು ಬಣ್ಣದಲ್ಲಿ ಅದ್ದಿ, ಹಿಂಡಿ, ಹಿತ್ತಲಿನ ಬಿದಿರು ಗಳುವಿನ ಮೇಲೆ ಒಣಗಿಸಿ ಕೊಡುವುದು ನಮ್ಮ ಮನೆಯ ಕಸುಬು. ಹಿತ್ತಲಿನಲ್ಲಿ ಬಾವಿ ಇತ್ತು, ಬಾವಿಯಲ್ಲಿ ನೀರೂ ಇತ್ತು. ಆದರೆ ಸವಳು ನೀರು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬರುತ್ತಿರಲಿಲ್ಲ, ನೂಲು ಅದ್ದಿದರೆ ಬಣ್ಣ ಒಂದು ಕಡೆ ಹತ್ತಿ ಇನ್ನೊಂದು ಕಡೆ ಕೈಬಿಡುತ್ತಿತ್ತು. ಕಲ್ಲಿನ ಮೇಲೆ ಚೆಲ್ಲಿದರೆ ಒಣಗಿದ ಮೇಲೆ ಬೆಳ್ಳಗೆ ಉಪ್ಪು ಮೂಡುತ್ತಿತ್ತು. ಈ ಉಪ್ಪಿನ ಮಾತು ನೆನಪಿನಲ್ಲಿರಲಿ, ಮುಂದೆ ಬರುತ್ತದೆ.

ಹೀಗಾಗಿ ನಮ್ಮಜ್ಜನ ಕಾಲದಲ್ಲೇ ಹಿತ್ತಲಿನ ನೆಲದೊಳಗೆ ಕಲ್ಲು ಕಟ್ಟಿದ ದೊಡ್ಡ ತೊಟ್ಟಿಯೊಂದನ್ನು ಮಾಡಿಸಿದ್ದರು. ಅದಕ್ಕೆ ನಾವು ಹೌದ ಎನ್ನುತ್ತಿದ್ದೆವು. ಮೊದಲ ಮಳೆಗಳಿಗೆ ಮಾಳಿಗೆಯ ಚಪ್ಪಡಿ ತೊಳೆದುಹೋದ ಮೇಲೆ, ಆಮೇಲಿನ ಮಳೆಯ ನೀರೆಲ್ಲ ತಗಡಿನ ಕೊಳವೆಯಿಂದ ಇಳಿದು ಹೌದ ಸೇರುತ್ತಿತ್ತು. ಮೇಲೆ ಕಲ್ಲಿನ ಮುಚ್ಚಳ. ಆ ಮುಚ್ಚಳ ಸರಿಸುವ ಹಕ್ಕು ಅಪ್ಪನಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅವನ ಹೆತ್ತವ್ವನಿಗೂ ಇರಲಿಲ್ಲ.

ಕೆಲಸದಲ್ಲಿ ಅವನದೊಂದು ಕ್ರಮವಿತ್ತು. ತಿಳಿ ಬಣ್ಣದ ಲಡಿಗಳನ್ನು ಮೊದಲು ಜಾಲಿಸಬೇಕು. ಹಳದಿ ಜಾಲಿಸಿದ ನೀರಿನಲ್ಲೇ ಹಸಿರು, ಹಸಿರಿನದರಲ್ಲೇ ನೀಲಿ, ಕೊನೆಗೆ ಕಪ್ಪು. ಕಪ್ಪು ಆದ ಮೇಲೂ ಆ ನೀರಿಗೆ ಬಿಡುಗಡೆ ಇಲ್ಲ, ಅಂಗಳದ ಧೂಳು ಅಡಗಿಸಲು ಅದನ್ನೇ ಚಿಮುಕಿಸುತ್ತಿದ್ದ. ನಮ್ಮ ಅಂಗಳ ಯಾವಾಗಲೂ ಯಾವುದೋ ಬೇರೆಯದೇ ಬಣ್ಣದಲ್ಲಿರುತ್ತಿತ್ತು. ಅವಸರ ಮಾಡುವ ನೇಕಾರ ಬಂದು, "ನಂದು ಕಪ್ಪ ಐತಿ, ಮೊದಲ ಮಾಡಿಕೊಡ್ರಿ" ಎಂದರೆ, "ಹಳದಿ ಬರೂತನಾ ಕುಂದರ್ರಿ, ಚಾ ಕುಡೀರಿ" ಎನ್ನುತ್ತಿದ್ದ. ಒಂದು ಲೋಟ ಚಹಕ್ಕೂ ನೀರು ಬೇಕಲ್ಲ ಎಂದು ಅವ್ವ ಒಳಗೇ ಗೊಣಗುತ್ತಿದ್ದಳು.

ಊಟದ ವಿಷಯದಲ್ಲಿ ಅಪ್ಪನಿಗೆ ಹೆಚ್ಚು ಹೇಳುವ ಕೆಲಸವಿರಲಿಲ್ಲ. ಬಸವಣ್ಣನನ್ನು ನಂಬಿದ ಮನೆ ನಮ್ಮದು. ಉಂಡದ್ದು ಪ್ರಸಾದ, ಒಂದು ಅಗುಳೂ ತಾಟಿನಲ್ಲಿ ಉಳಿಯಬಾರದು. ಉಂಡಾದ ಮೇಲೆ ತಾಟಿಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ತಿರುವಿ, ಆ ನೀರನ್ನು ಕುಡಿದುಬಿಡುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಅದು ಭಕ್ತಿಯೋ ನೀರಿನ ಬಡತನವೋ ನನಗೆ ಇಂದಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಅಪ್ಪನಿಗೆ ಎರಡೂ ಒಂದೇ ಆಗಿತ್ತು.

ನಾನು ಶಿಕ್ಷಕಿಯಾಗಿ ಹುನಗುಂದದ ಒಂದು ಶಾಲೆಗೆ ಸೇರಿದಾಗ ಅಪ್ಪನ ಕ್ರಮವನ್ನು ಅಲ್ಲಿಗೂ ಒಯ್ದೆ. ಮಕ್ಕಳು ಕೈ ತೊಳೆದ ನೀರು ಒಂದು ತಗಡಿನ ಬುಟ್ಟಿಗೆ ಬೀಳಬೇಕು, ಅದರಲ್ಲೇ ಬರೆಯುವ ಪಾಟಿ ತೊಳೆಯಬೇಕು, ಆಮೇಲೆ ಅದು ಅಂಗಳದ ಬೇವಿನ ಸಸಿಗೆ ಹೋಗಬೇಕು. ಅಪ್ಪ ಒಮ್ಮೆ ನನ್ನನ್ನು ನೋಡಲು ಬಂದವನು ಆ ಬುಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಬಾಯಿಬಿಟ್ಟು ಹೊಗಳುವ ಜಾತಿಯಲ್ಲ. "ಬುಟ್ಟಿಗಿ ತಳದಾಗ ತೂತ ಬಿದ್ದೈತಿ, ನೋಡೀಯೇನು?" ಎಂದ, ಅಷ್ಟೆ. ಮರುವಾರ ಬಸ್ಸಿನಲ್ಲಿ ಯಾರದೋ ಕೈಯಲ್ಲಿ ಹೊಸ ಬುಟ್ಟಿ ಕಳಿಸಿದ.

ಮುಂದೆ ಬಾಗಲಕೋಟೆಯವರ ಜೊತೆ ನನ್ನ ಮದುವೆಯಾಯಿತು. ಎಂಬತ್ತರ ಆಸುಪಾಸಿನಲ್ಲಿ ನಾನು ಚೊಚ್ಚಲ ಬಸುರಿ. ಸೀಮಂತದ ಕುಬಸ ಮುಗಿಸಿ ಅವ್ವ ನನ್ನನ್ನು ತವರಿಗೆ ಕರೆದುತಂದಳು. ಹಿಂದಿನ ಮಳೆಗಾಲ ಹೇಳಿಕೊಳ್ಳುವ ಹಾಗಿರಲಿಲ್ಲ. ಚಳಿ ಮುಗಿಯುವ ಮೊದಲೇ ಓಣಿಯ ಹೆಂಗಸರು ಸಿಹಿ ನೀರಿಗೆ ಕೊಡ ಹೊತ್ತು ಊರ ಹೊರಗಿನ ತೋಟಗಳಿಗೆ ಅಲೆಯಲು ಶುರುಮಾಡಿದ್ದರು. ಆದರೆ ನಮ್ಮ ಹೌದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. ಹೇಗೆ ಎಂದು ಕೇಳಿದ್ದಕ್ಕೆ ಅವ್ವ ಹೇಳಿದಳು: ನಾನು ಬಸುರಿಯೆಂದು ತಿಳಿದ ದಿನದಿಂದ ಅಪ್ಪ ತಿಳಿ ಬಣ್ಣದ ಕೆಲಸ ಹಿಡಿಯುವುದನ್ನೇ ಬಿಟ್ಟಿದ್ದ. ಸವಳು ನೀರಿನಲ್ಲೂ ನಡೆಯುವ ಕಪ್ಪು, ಕಡು ನೀಲಿ ಇಷ್ಟನ್ನೇ ಮಾಡುತ್ತಿದ್ದ. ಮನೆಗೆ ಬರಬೇಕಾದ ಕೆಲಸ ಬೇರೆ ಮನೆಗೆ ಹೋಗುತ್ತಿತ್ತು.

"ಕೂಸಿಗೆ ಎರಿಯಾಕ ಸವಳ ನೀರ ಹಾಕಿದ್ರ ಮೈ ಒಡೀತೈತಿ. ಬಾಣಂತನ ಮುಗಿಯೂತನಾ ದಿನಾ ಎರಡ ಹೊತ್ತು ಎರಿಯೂವಷ್ಟು ಐತಿ ನೋಡವಾ" ಎಂದು ಅಪ್ಪ ಮುಚ್ಚಳ ಸರಿಸಿ ತೋರಿಸಿದ. ಅವನು ನನಗೆ ಸೀರೆ ತೋರಿಸಿದ್ದು ಕಡಿಮೆ, ಬಂಗಾರ ತೋರಿಸಿದ್ದು ಇನ್ನೂ ಕಡಿಮೆ. ಆ ನೀರನ್ನು ತೋರಿಸುವಾಗ ಮಾತ್ರ ಮುಖ ಅರಳಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಪಡಸಾಲೆಯಲ್ಲಿ ಕೂತಲ್ಲಿಂದಲೇ ಕುಟುಕಿದಳು: "ಕೂಸ ಹುಟ್ಟೂದ್ಕಿಂತ ಮೊದಲ ಕುಂಚಿಗಿ ಹೊಲಿಸಿದ್ರಂತ." ನಾವೆಲ್ಲ ನಕ್ಕೆವು.

ಆಗಲೇ ರೇಡಿಯೋದಲ್ಲಿ ಗ್ರಹಣದ ಸುದ್ದಿ ಬಂತು. ಹಗಲು ಹೊತ್ತಿನಲ್ಲೇ ಸೂರ್ಯ ಪೂರ್ತಿ ಮುಚ್ಚಿಹೋಗುತ್ತಾನಂತೆ, ನಮ್ಮ ಸೀಮೆಯಲ್ಲೇ ಚೆನ್ನಾಗಿ ಕಾಣುತ್ತದಂತೆ, ಬರಿಗಣ್ಣಿನಿಂದ ನೋಡಬಾರದಂತೆ. ಊರಿಗೆ ಊರೇ ಹೆದರಿತು. ಗ್ರಹಣ ಹಿಡಿಯುವಾಗ ಮನೆಯಲ್ಲಿದ್ದ ನೀರು ಮೈಲಿಗೆ, ಬಿಟ್ಟ ಮೇಲೆ ಅದನ್ನೆಲ್ಲ ಚೆಲ್ಲಿ ಹೊಸ ನೀರು ತುಂಬಬೇಕು ಎನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಆಯಿ ಅಪ್ಪನನ್ನು ಕರೆದು ಹೌದ ಖಾಲಿ ಮಾಡಬೇಕು ಎಂದಳು.

ಅಪ್ಪ ಮೊದಲು ನಕ್ಕ. "ಯವ್ವಾ, ಕೊಳ್ಳಾಗ ಲಿಂಗ ಕಟ್ಟಿಕೊಂಡೀವಿ. ನಮಗೆಲ್ಲೀ ಸೂತಕ, ನಮಗೆಲ್ಲೀ ಗ್ರಾಣ?"

"ನಿನಗಿಲ್ಲಪಾ, ನನಗೂ ಇಲ್ಲ. ಹೊಟ್ಟಿಯಾಗಿನ ಕೂಸಿಗಿ ಇನ್ನಾ ಲಿಂಗ ಕಟ್ಟಿಲ್ಲಲ್ಲ" ಎಂದಳು ಆಯಿ.

ನೀರಿಗೆ ಕರಿಕಿ ಹುಲ್ಲಿನ ಎಸಳು ಹಾಕಿಟ್ಟರೆ ಸಾಕಲ್ಲ ಎಂದು ಅವ್ವ ನಡುವೆ ಬಾಯಿ ಹಾಕಿದಳು. ಕರಿಕಿ ಹಾಲಿಗಾಯಿತು, ಉಪ್ಪಿನಕಾಯಿಗಾಯಿತು, ಬಸುರಿ ಕುಡಿಯುವ ನೀರಿಗೆ ಸಾಲದು ಎಂದು ಆಯಿ ಪಟ್ಟು ಹಿಡಿದಳು. ಅಪ್ಪ ಬಗ್ಗದಿದ್ದಾಗ ಊಟ ಬಿಟ್ಟಳು. ಹೆತ್ತವ್ವ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಲಾಗದೆ ಅಪ್ಪ ಕೊನೆಗೆ, "ಆತು ಏಳಬೇ, ಚೆಲ್ಲತೇನಿ" ಎಂದ. ಆ ನೀರಿಗಾಗಿ ಅವನು ಎಷ್ಟು ಕೆಲಸ ಬಿಟ್ಟುಕೊಟ್ಟಿದ್ದ ಎಂದು ಬಲ್ಲವಳು ನಾನು.

ಗ್ರಹಣದ ಮಧ್ಯಾಹ್ನ ನನ್ನನ್ನು ಒಳಕೋಣೆಯಲ್ಲಿ ಕೂರಿಸಿ ಕಿಟಕಿಗೆ ಕಂಬಳಿ ಬಿಗಿದರು. ಪಡಸಾಲೆಯಲ್ಲಿ ಆಯಿ ತಾಟಿಗೆ ನೀರು ಹಾಕಿ ಅದರಲ್ಲಿ ಒನಕೆ ನಿಲ್ಲಿಸಿದಳು. ಗ್ರಹಣ ಇರುವವರೆಗೆ ಅದು ತಾನೇ ನಿಲ್ಲುತ್ತದೆ ಎಂದು ನಂಬಿಕೆ. ನಿಂತಿತಂತೆ, ನಾನು ನೋಡಲಿಲ್ಲ. ಓಣಿಯಲ್ಲಿ ನಾಯಿಗಳೂ ಸುಮ್ಮನಾದವು. ಸ್ವಲ್ಪ ಹೊತ್ತಿನ ಮೇಲೆ ಕೋಳಿ ಕೂಗಿತು, ಜನರ ಮಾತು ಕೇಳಿತು, ಆಮೇಲೆ ಇಡೀ ಓಣಿಯಲ್ಲಿ ನೀರು ಚೆಲ್ಲುವ ಸದ್ದು. ವರ್ಷವಿಡೀ ಕೊಡಕ್ಕಾಗಿ ಜಗಳಾಡುವ ಓಣಿ ಅದು. ನಮ್ಮ ಬಾಗಿಲಲ್ಲೂ ಅಪ್ಪ ಕೊಡದ ಮೇಲೆ ಕೊಡ ಸುರಿಯುತ್ತಿದ್ದ. ಆಯಿಗೆ ಕಣ್ಣು ಮಂದ, ಕಿವಿ ಚುರುಕು. ಸದ್ದು ಕೇಳಿ ಸಮಾಧಾನವಾಗಿ ಅವಳು ಸ್ನಾನಕ್ಕೆ ಎದ್ದಳು. ಸಂಜೆ ಅಪ್ಪ ಗೆಳೆಯನ ತೋಟದಿಂದ ಗಾಡಿಯಲ್ಲಿ ಒಂದು ಪೀಪಾಯಿ ಹೊಸ ನೀರು ತರಿಸಿ ಹೌದಕ್ಕೆ ಬಿಟ್ಟ.

ಮರುದಿನ ಬೆಳಿಗ್ಗೆ ಹೊಸ್ತಿಲಲ್ಲಿ ಬಿಸಿಲಿಗೆ ಕೂತಿದ್ದೆ. ಬಾಗಿಲ ಮುಂದಿನ ಹಾಸುಗಲ್ಲುಗಳ ಮೇಲೆ ಬೆಳ್ಳಗೆ ಉಪ್ಪು ಮೂಡಿತ್ತು.

ಮಳೆಯ ನೀರು ಒಣಗಿದರೆ ಕಲ್ಲಿನ ಮೇಲೆ ಏನೂ ಉಳಿಯುವುದಿಲ್ಲ. ಅಪ್ಪ ಚೆಲ್ಲಿದ್ದು ಹಿತ್ತಲ ಬಾವಿಯ ಸವಳು ನೀರನ್ನು. ಹೌದದ ನೀರು ಹೌದದಲ್ಲೇ ಇತ್ತು, ಪೀಪಾಯಿಯದನ್ನೂ ಅದರೊಳಗೇ ಸೇರಿಸಿದ್ದ. ಹೆತ್ತವ್ವನ ಮಾತೂ ನಡೆಯಿತು, ಮೊಮ್ಮಗುವಿನ ನೀರೂ ಉಳಿಯಿತು. ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಬಂದಾಗ ಮೆಲ್ಲಗೆ ಹೇಳಿದೆ: "ಯಪ್ಪಾ, ಬಾಗಲದಾಗ ಉಪ್ಪ ಮೂಡೇತಿ ನೋಡು."

ಅವನು ಒಮ್ಮೆ ಕಲ್ಲು ನೋಡಿದ, ಒಮ್ಮೆ ನನ್ನನ್ನು ನೋಡಿದ. ಒಳಗೆ ಹೋಗಿ ಕಸಬರಿಗೆ ತಂದು ತಾನೇ ಗುಡಿಸಿದ. ಗಂಡಸು ಬಾಗಿಲು ಗುಡಿಸಿದ್ದನ್ನು ಆ ಓಣಿ ಅಂದೇ ಮೊದಲು ಕಂಡಿರಬೇಕು. "ನೀ ಕುಡಿಯೂದಿದ್ರ ಕುಡಿ, ಇಲ್ಲಾಂದ್ರ ನಿನಗ ಬ್ಯಾರೆ ತರಸ್ತೇನಿ" ಎಂದ. ನಾನು ಒಂದು ಚೊಂಬು ತುಂಬ ಅದೇ ನೀರನ್ನು ಕುಡಿದೆ. ಅಷ್ಟು ರುಚಿಯಾದ ನೀರನ್ನು ಆಮೇಲೆ ಎಲ್ಲಿಯೂ ಕುಡಿದಿಲ್ಲ. ಅಪ್ಪನಿಗೂ ನನಗೂ ನಡುವೆ ಇದ್ದ ಒಂದೇ ಗುಟ್ಟು ಅದು, ಅದರ ಸಂತೋಷದಲ್ಲಿ ನಾನು ಹಲವು ದಿನ ಕಳೆದೆ.

ದಿನ ತುಂಬಿ ಹೆರಿಗೆಯಾಯಿತು. ಹೆಣ್ಣು ಕೂಸು. ಅಳಲಿಲ್ಲ. ಮನೆಗೆ ಬಂದಿದ್ದ ನರ್ಸಬಾಯಿ ತಲೆಕೆಳಗೆ ಹಿಡಿದು ಬೆನ್ನಿಗೆ ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ಆಮೇಲೆ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಇಟ್ಟಳು. "ಹೊಕ್ಕಳ ಬಳ್ಳಿ ಕೊಳ್ಳಿಗಿ ಸುತ್ತಿತ್ತವಾ. ಯಾರೇನ ಮಾಡಾಕೂ ಬರೂದಿಲ್ಲ" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಆ ಮಾತನ್ನು ನಂಬಿದೆ, ಇಂದಿಗೂ ನಂಬುತ್ತೇನೆ.

ಮಣ್ಣಿಗೆ ಒಯ್ಯುವ ಮೊದಲು ಕೂಸಿಗೆ ಎರೆಯಬೇಕಲ್ಲ. ಅವ್ವ ಹೌದದ ನೀರು ತಂದು ಒಲೆಯ ಮೇಲೆ ಇಟ್ಟಳು. ಯಾರೋ ಹೆಂಗಸು, "ಕಾಸಾಕ ಯಾಕ ಹತ್ತೀಯವಾ" ಎಂದಳು. "ತಣ್ಣೀರ ಹ್ಯಾಂಗ ಹಾಕಲೇ ನನ್ನ ಕೂಸಿಗಿ" ಎಂದು ಅವ್ವ ನೀರು ಬೆಚ್ಚಗಾಗುವವರೆಗೆ ಕಾದಳು. ಅಪ್ಪ ಅಷ್ಟು ತಿಂಗಳು ಉಳಿಸಿದ ನೀರಿನಲ್ಲಿ ಆ ಕೂಸಿಗೆ ಒಮ್ಮೆ ಎರೆದರು.

ಮಾತನಾಡಿಸಲು ಬಂದ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ನಾನು ಒಳಕೋಣೆಯಲ್ಲಿ ಮಲಗಿದ್ದೆ, ಮಾತೆಲ್ಲ ಕೇಳಿಸುತ್ತಿತ್ತು. ಆಯಿ ಅಳುತ್ತ ಮಗನಿಗೇ ಸಮಾಧಾನ ಹೇಳುತ್ತಿದ್ದಳು: "ನಮ್ಮದೇನ ತಪ್ಪಿಲ್ಲಪಾ. ಒನಕಿ ನಿಲ್ಲಿಸಿದ್ವಿ, ಆಕಿನ್ನ ಕತ್ತಲಾಗ ಕುಂದರಿಸಿದ್ವಿ, ಅಂಥಾ ನೀರು, ಅದನ್ನೂ ಚೆಲ್ಲಿದ್ವಿ. ಮಾಡೂದೆಲ್ಲಾ ಮಾಡೀವಿ."

ಅಪ್ಪ ಅಂದ: "ಚೆಲ್ಲಿಲ್ಲ ಯವ್ವಾ."

ಆ ಮಾತನ್ನು ನುಂಗಿಕೊಂಡಿದ್ದರೆ ಏನಾಗುತ್ತಿತ್ತು? ಯಾರಿಗೂ ಗೊತ್ತಾಗುತ್ತಿರಲಿಲ್ಲ. ಉಪ್ಪು ಕಂಡವಳು ನಾನೊಬ್ಬಳೇ. ಆದರೆ ಹೆತ್ತವ್ವ ತನ್ನ ಮುಂದೆ ಕೂತು ಚೆಲ್ಲದ ನೀರಿನ ಪುಣ್ಯ ಎಣಿಸುವಾಗ ಬಾಯಿ ಮುಚ್ಚಿ ಕೂರುವುದು ಅವನಿಂದಾಗಲಿಲ್ಲ. ಆಯಿ ಸೆರಗು ಮುಖಕ್ಕೆ ಎಳೆದುಕೊಂಡಳು. ಅಂದಿನಿಂದ ಸಾಯುವವರೆಗೆ ಮಗನ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ಕೇಳಿದ ಹೆಂಗಸರು ಎದ್ದು ತಂತಮ್ಮ ಮನೆಗೆ ಹೋದರು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಸಂಜೆಯೊಳಗೆ ಇಡೀ ಇಳಕಲ್ಲಿಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅಪ್ಪ ಹೌದದ ಮುಚ್ಚಳ ಸರಿಸಿ ಕೊಡ ಇಳಿಬಿಟ್ಟ. ತುಂಬಿದ ಕೊಡವನ್ನು ಹೊತ್ತು ತಂದು ಮುಂಬಾಗಿಲಲ್ಲಿ ಸುರಿದ. ಮತ್ತೆ ಹೋದ, ಮತ್ತೆ ತಂದ. ತೋಟದ ನೀರಿಗೆ ಹೊರಟಿದ್ದ ಓಣಿಯ ಹೆಂಗಸರು ಬರಿಗೊಡ ಬಗಲಲ್ಲಿಟ್ಟುಕೊಂಡು ಸಾಲಾಗಿ ನಿಂತರು. ಅವರ ಕಾಲ ಮುಂದೆಯೇ ಸಿಹಿ ನೀರು ಗಟಾರಕ್ಕೆ ಹರಿದುಹೋಗುತ್ತಿತ್ತು. ಒಬ್ಬಳೂ ಕೊಡ ಮುಂದೆ ಮಾಡಲಿಲ್ಲ. ಗ್ರಹಣದ ನೀರು, ಕೂಸನ್ನು ತಿಂದ ನೀರು, ಯಾರು ಮುಟ್ಟುತ್ತಾರೆ? ಸ್ವಲ್ಪ ಹೊತ್ತು ನೋಡಿ, ಅದೇ ಬರಿಗೊಡ ಹೊತ್ತು ಬಿಸಿಲಿನಲ್ಲಿ ನಡೆದುಹೋದರು.

ನಾನು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದೆ. ಹಸಿ ಬಾಣಂತಿ, ಎದೆಯಲ್ಲಿ ಹಾಲು ಸೋರುತ್ತಿತ್ತು. "ಯಪ್ಪಾ, ನರ್ಸಬಾಯಿ ಹೇಳ್ಯಾಳಲ್ಲ, ಬಳ್ಳಿ ಸುತ್ತಿತ್ತಂತ. ನೀರಿಂದೇನೈತಿ ಇದರಾಗ? ಕುಡದಾಕಿ ನಾನ, ತಿಳದ ಕುಡದೇನಿ" ಎಂದೆ.

"ಹೌದವಾ. ನೀ ಹೇಳೂದು ಖರೆ ಐತಿ" ಎಂದ ಅಪ್ಪ. ಮತ್ತೆ ಕೊಡ ತರಲು ಹೋದ.

ಅಪ್ಪನ ಮೇಲಿನ ಸಿಟ್ಟು ನನ್ನಲ್ಲಿ ಇನ್ನೂ ಇದೆ. ನೀರು ಉಳಿಸಿದ್ದಕ್ಕಲ್ಲ, ಚೆಲ್ಲಿದ್ದಕ್ಕೆ. ಅವನು ಆ ದಿನ ಹೌದ ಬರಿದು ಮಾಡಿ, ತನ್ನ ನೀರೇ ನನ್ನ ಮಗಳನ್ನು ಕೊಂದಿತು ಎಂದು ಊರ ಮುಂದೆ ಒಪ್ಪಿಕೊಂಡ. ಅದು ಸುಳ್ಳು ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ಆದರೆ ಅವನ ಸುಳ್ಳಿನ ಮುಂದೆ ನನ್ನ ಖರೆ ನಿಲ್ಲಲಿಲ್ಲ. ಸಂಜೆಗೆ ಹಾಸುಗಲ್ಲುಗಳು ಒಣಗಿದವು. ಮೇಲೆ ಒಂದು ಕಲೆಯೂ ಇರಲಿಲ್ಲ.

ರಜೆ ಮುಗಿಸಿ ಹುನಗುಂದದ ಶಾಲೆಗೆ ಮರಳಿದೆ. ಬುಟ್ಟಿ ಅಲ್ಲೇ ಇತ್ತು, ಸುದ್ದಿಯೂ ನನಗಿಂತ ಮೊದಲೇ ಬಂದಿತ್ತು. ಮೊದಲ ವಾರವೇ ಒಬ್ಬ ಹುಡುಗಿಯ ತಾಯಿ ಬಂದು ಬಾಗಿಲ ಹೊರಗೇ ನಿಂತಳು. ಒಳ್ಳೆಯ ಹೆಂಗಸು, ಹೇಳಲು ಅವಳಿಗೂ ಕಷ್ಟವಾಗಿತ್ತು. "ಅಕ್ಕೋರ, ಸಿಟ್ಟ ಆಗಬ್ಯಾಡ್ರಿ. ನಮ್ಮ ಹುಡುಗಿ ಪಾಟಿ ಮನ್ಯಾಗ ತೊಳಕೊಂಡ ಬರ್ತಾಳ್ರಿ. ನಿಮ್ಮ ಉಳಿಸಿದ ನೀರ ಆಕಿಗಿ ಬ್ಯಾಡ್ರಿ" ಎಂದಳು. ಆಮೇಲೆ ಇನ್ನೂ ಕೆಲವರು ಬಂದರು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ಜಗಳ ಯಾಕೆ, ಬುಟ್ಟಿ ಎತ್ತಿಡಿ ಎಂದರು. ಎತ್ತಿಟ್ಟೆ. ಬೇವಿನ ಸಸಿ ಆ ಬೇಸಿಗೆ ದಾಟಲಿಲ್ಲ.

ಇಳಕಲ್ಲಿನಲ್ಲಿ ಅಪ್ಪ ಕಸುಬು ಬಿಡಲಿಲ್ಲ. ಆದರೆ ಕ್ರಮ ಬಿಟ್ಟ. ಕಪ್ಪು ಮೊದಲೋ ಹಳದಿ ಮೊದಲೋ ಎಂದು ನೋಡದೆ ಯಾರು ಮೊದಲು ತಂದರೋ ಅವರದನ್ನು ಮೊದಲು ಅದ್ದಿ, ಪ್ರತಿ ಬಣ್ಣಕ್ಕೂ ನೀರು ಬದಲಿಸಿ ಚೆಲ್ಲುತ್ತಿದ್ದ. ಮಾಳಿಗೆಯಿಂದ ಇಳಿಯುವ ಕೊಳವೆಯನ್ನು ಕಿತ್ತು ಬಿಸಾಡಿದ. ಮಳೆ ಬಂದರೆ ನೀರು ಅಂಗಳದಲ್ಲಿ ಬಿದ್ದು ಓಣಿಗೆ ಓಡುತ್ತಿತ್ತು, ಅವನು ಜಗಲಿಯ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದ. ಹೌದದಲ್ಲಿ ಒಡೆದ ಗಡಿಗೆ, ಬಣ್ಣದ ಖಾಲಿ ಡಬ್ಬಿಗಳು ತುಂಬಿದವು. ಬೇಸಿಗೆಯಲ್ಲಿ ಅವ್ವ ಆ ವಯಸ್ಸಿನಲ್ಲಿ ಕೊಡ ಹೊತ್ತು ತೋಟಕ್ಕೆ ಹೋಗುತ್ತಿದ್ದಳು.

ಮುಂದೆ ನನಗೊಬ್ಬ ಮಗ ಹುಟ್ಟಿದ. ಹೆರಿಗೆಗೆ ತವರಿಗೆ ಹೋಗಲಿಲ್ಲ, ಅವರು ಕರೆಯಲೂ ಇಲ್ಲ. ಬಾಗಲಕೋಟೆಯಲ್ಲೇ ಆಯಿತು. ಅಪ್ಪ ಬರುತ್ತಿದ್ದದ್ದು ಅಪರೂಪ. ಬಂದರೂ ಮೊಮ್ಮಗನನ್ನು ದೂರದಿಂದ ನೋಡುತ್ತಿದ್ದ. ಬಾಗಲಕೋಟೆ ಮುಂದೊಂದು ದಿನ ಆಣೆಕಟ್ಟಿನ ನೀರಿನಲ್ಲಿ ಮುಳುಗುತ್ತದೆ ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ಅದನ್ನು ಕೇಳಿ ಅಪ್ಪ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟ. ಹಳೆಯ ಅಪ್ಪನಾಗಿದ್ದರೆ ಒಂದು ಚುಚ್ಚುಮಾತನ್ನಾದರೂ ಆಡುತ್ತಿದ್ದ.

ಮಗನಿಗೆ ತಾನೇ ಉಣ್ಣಲು ಬರುವ ವಯಸ್ಸಿನಲ್ಲಿ ಅಪ್ಪ ಒಮ್ಮೆ ಬಂದಿದ್ದ. ಇಬ್ಬರನ್ನೂ ಜೊತೆಗೆ ಊಟಕ್ಕೆ ಕೂರಿಸಿದೆ. ರೊಟ್ಟಿ, ಪಲ್ಯ, ಅನ್ನ ಎಲ್ಲ ಆಯಿತು. ಮಗ ನಾನು ಕಲಿಸಿದ ಹಾಗೆ ತಾಟಿಗೆ ನೀರು ಹಾಕಿಕೊಂಡು, ಪುಟ್ಟ ಬೆರಳಿನಿಂದ ತಿರುವಿ, ಎರಡೂ ಕೈಯಲ್ಲಿ ಎತ್ತಿ ಬಾಯಿಗೆ ಹಿಡಿದ. ಅಜ್ಜ ನೋಡಲಿ, ಹೊಗಳಲಿ ಎಂದು ಓರೆಗಣ್ಣಿನಿಂದ ಅವನನ್ನೇ ನೋಡುತ್ತಿದ್ದ.

ನನಗೂ ಅದೇ ಆಸೆಯಿತ್ತು. ಅಪ್ಪ ಇದನ್ನು ನೋಡಿದರೆ ಎಲ್ಲೋ ಒಂದು ಕಡೆ ಮೊದಲಿನವನಾಗುತ್ತಾನೆ ಎಂದುಕೊಂಡೇ ಅವರನ್ನು ಜೊತೆಗೆ ಕೂರಿಸಿದ್ದೆ.

ಅಪ್ಪ ಕೈ ಚಾಚಿ ಹುಡುಗನ ಬಾಯಿಂದ ತಾಟು ತೆಗೆದುಕೊಂಡ. ಎದ್ದು ಬಚ್ಚಲಿಗೆ ಹೋಗಿ ಆ ನೀರು ಚೆಲ್ಲಿದ. ಲೋಟ ತೊಳೆದು, ಮತ್ತೊಮ್ಮೆ ತೊಳೆದು, ನಲ್ಲಿಯಿಂದ ತುಂಬಿಸಿ ತಂದು ನೆಲದ ಮೇಲೆ ಇಟ್ಟು ಹುಡುಗನತ್ತ ಸರಿಸಿದ.

"ಹೊಸಾ ನೀರ ಕುಡಿಯಪಾ" ಎಂದ. ಬಚ್ಚಲಿನಲ್ಲಿ ನಲ್ಲಿ ಹಾಗೇ ಹರಿಯುತ್ತಿತ್ತು.